ಅಗ್ರಹಾರದಿಂದ ಅಮೃತಮಹಲ್ ಕಾವಲಿಗೆ

ಮೈಸೂರಿನ ಅಗ್ರಹಾರವನ್ನು ಅರಿಯದ ಸದ್ಭಕ್ತರು ನಮ್ಮಲ್ಲಿ ವಿರಳ. ಅರಮನೆಯ ಕೋಟೆಯಿಂದ ಕಾಲ್ನಡಿಗೆಯ ದೂರದಲ್ಲಿರುವ ಈ ಬಡಾವಣೆಯಲ್ಲಿ ನೂರೊಂದು ಗಣಪತಿಯ ದೇವಾಲಯವಿದೆ. ಶ್ರೀ ಸುತ್ತೂರು ಮಠದ ಆಶ್ರಯದಲ್ಲಿ ನಡೆಯುವ ಜೆ.ಎಸ್.ಎಸ್. ಆಸ್ಪತ್ರೆ ಸಮೀಪದ ಮಹಾತ್ಮ ಗಾಂಧಿ ರಸ್ತೆಯಲ್ಲಿಯೇ ಇದೆ. ಚಿಕಿತ್ಸೆಗೆಂದು, ಮಕ್ಕಳ ವಿದ್ಯಾಭ್ಯಾಸಕ್ಕೆಂದು ಹಳ್ಳಿಗಳಿಂದ ಬರುವ ನಮ್ಮ ಸಮಾಜದ ಕುಟುಂಬಗಳು ರಾಮಾನುಜ ರಸ್ತೆ, ವಾಣಿ ವಿಲಾಸ ರಸ್ತೆಗಳಲ್ಲಿ ಒಮ್ಮೆಯಾದರೂ ಓಡಾಡಿರುತ್ತವೆ.

ಆದರೆ ಆ ಹೆಸರಿನ ಒಳಗೆ ಒಂದು ಭೂಮಿಯ ಚರಿತ್ರೆ ಅಡಗಿದೆಯೆಂಬುದನ್ನು ನಾವು ನೆನೆಯುವುದು ಕಡಿಮೆ. ಅಗ್ರಹಾರವೆಂದರೆ ಅರಸರು ವಿದ್ವಾಂಸರಾದ ಬ್ರಾಹ್ಮಣರ ಜೀವನಕ್ಕೆಂದು ಕಂದಾಯವಿಲ್ಲದೆ ಬಿಟ್ಟುಕೊಟ್ಟ ನೆಲೆ. ಇಂದು ಅಲ್ಲಿ ಎಲ್ಲ ಸಮಾಜದವರೂ ಕೂಡಿ ಬಾಳುತ್ತಿದ್ದಾರೆ. ಹೆಸರು ಮಾತ್ರ ಉಳಿದು, ನೆಲವನ್ನು ಒಂದು ಉದ್ದೇಶಕ್ಕಾಗಿ ಕೊಡುವ ಪದ್ಧತಿ ನಮ್ಮ ನಾಡಿನಲ್ಲಿ ಎಷ್ಟು ಹಳೆಯದೆಂಬುದನ್ನು ಹೇಳುತ್ತಿದೆ.

ಅಂಥ ಪದ್ಧತಿ ನಮ್ಮ ಕಾಲದಲ್ಲಿ ಹೊಸ ರೂಪವನ್ನು ತಳೆದಿದೆ. ಚಾಲಕನಿಲ್ಲದೆ ತಾನೇ ದಾರಿ ಅರಿತು ಸಾಗುವ ವಾಹನಗಳನ್ನು ವಿಜ್ಞಾನಿಗಳು ರೂಪಿಸುತ್ತಿದ್ದಾರೆ. 2017ರಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿಯೇ ಅಂಥದೊಂದು ಪುಟ್ಟ ಗಾಡಿ ಓಡಿತು. 2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಪ್ರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳ ಸಹಯೋಗದಿಂದ ಸಿದ್ಧವಾದ ಚಾಲಕರಹಿತ ಕಾರು ಅನಾವರಣಗೊಂಡಿತು. ಇವು ತಮ್ಮ ತಮ್ಮ ಬೇಲಿಯೊಳಗೆ ಓಡಿದ ವಾಹನಗಳು. ಆದರೆ ಬೇಲಿಯೊಳಗಿನ ಜಾಗ ಸಾಲದೆ ಹೋದಾಗ ಪರೀಕ್ಷೆಗೆ ನೆಲ ಎಲ್ಲಿಂದ ಬರಬೇಕು? ಯಾರು ಕೊಡಬೇಕು? ಕೊಡುವವರನ್ನು ಯಾರು ಕೇಳಬೇಕು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿಗೆ ಹೋಗಬೇಕು. ಚಾಲಕರಿಲ್ಲದ ವಿಮಾನಗಳ ಪರೀಕ್ಷೆಗೆಂದು ಸಾವಿರಾರು ಎಕರೆ ಗೋಮಾಳವನ್ನು ಕೊಟ್ಟಿರುವುದು ಅಲ್ಲಿಯೇ. ಆ ಗೋಮಾಳದ ಬೇರು ಇರುವುದೋ, ನಮ್ಮ ಮೈಸೂರು ಸಂಸ್ಥಾನದಲ್ಲಿ. ಆದ್ದರಿಂದ ನಾವು ಕೆಲವರು ಅಗ್ರಹಾರದಿಂದ ಚಳ್ಳಕೆರೆಯ ಸೀಮೆಗೆ ಯಾತ್ರೆ ಕೈಗೊಂಡೆವು.

ಹೆದ್ದಾರಿಯ ಉದ್ದಕ್ಕೂ

ಮೈಸೂರಿನಿಂದ ಚಳ್ಳಕೆರೆಗೆ ಒಂದೇ ಹೆದ್ದಾರಿ, 150ಎ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು - ಹೀಗೆ ಕಾವೇರಿಯ ಹಸಿರು ಹಿಂದೆ ಸರಿದು, ತೆಂಗಿನ ಸೀಮೆ ಕಳೆದು, ಕಡಲೆಕಾಯಿ ಬೆಳೆಯುವ ಬಯಲು ಕಾಣತೊಡಗುತ್ತದೆ. ಬೆಳಗಿನ ಪೂಜೆ ಮುಗಿಸಿ ಹೊರಟವರು ಮಧ್ಯಾಹ್ನದ ಪ್ರಸಾದದ ವೇಳೆಗೆ ತಲುಪಬಹುದು.

ಹಿರಿಯೂರಿನ ಬಳಿ ವಾಣಿ ವಿಲಾಸ ಸಾಗರವಿದೆ. ಅಗ್ರಹಾರದ ವಾಣಿ ವಿಲಾಸ ರಸ್ತೆಗೂ ಈ ಜಲಾಶಯಕ್ಕೂ ಒಬ್ಬರೇ ಮಹಾತಾಯಿಯ ಹೆಸರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ರಾಜ್ಯಭಾರ ನಡೆಸಿದ ವಾಣಿ ವಿಲಾಸ ಸನ್ನಿಧಾನದವರ ಕಾಲದಲ್ಲಿ ಇದರ ಕಟ್ಟಡ ಆರಂಭವಾಯಿತು. 1933ರಲ್ಲಿ ಕೋಡಿ ಬಿದ್ದಿದ್ದ ಈ ಸಾಗರ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ಆ ಸೀಮೆಯಲ್ಲಿ ಮಳೆ ಎಷ್ಟು ಅಪರೂಪವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಳೆ ಕಡಿಮೆಯಾದ ಕಡೆ ಬೇಸಾಯವೊಂದನ್ನೇ ನಂಬಿ ಬದುಕುವುದು ಕಷ್ಟ. ಕುರಿ, ದನ, ಹುಲ್ಲುಗಾವಲು ಇವೇ ಅಲ್ಲಿಯ ಜನರ ಇಡುಗಂಟು. ಚಳ್ಳಕೆರೆಯ ಕಂಬಳಿಗೆ ನಾಡಿನಲ್ಲೆಲ್ಲ ಹೆಸರು ಬಂದಿರುವುದು ಈ ಬಯಲಿನ ಹುಲ್ಲಿನಿಂದ.

ಬೆಣ್ಣೆ ಚಾವಡಿಯ ಕಾವಲು

ಶ್ರೀರಂಗಪಟ್ಟಣವನ್ನು ದಾಟುವಾಗಲೇ ಈ ಕಥೆಯ ಮೊದಲ ಅಧ್ಯಾಯ ಕಣ್ಣೆದುರಿಗಿರುತ್ತದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅಲ್ಲಿ ಉತ್ತಮ ತಳಿಯ ರಾಸುಗಳ ಒಂದು ಇಲಾಖೆಯನ್ನು ಬೆಳೆಸಿ ಅದನ್ನು ‘ಬೆಣ್ಣೆ ಚಾವಡಿ’ ಎಂದು ಕರೆದರು. ಅರಮನೆಗೆ ಹಾಲು ಬೆಣ್ಣೆ, ಸೈನ್ಯಕ್ಕೆ ಎತ್ತು ಇವೆರಡೂ ಅದರಿಂದ ಒದಗುತ್ತಿದ್ದವು. ಹೈದರಾಲಿ ಆ ಎತ್ತುಗಳನ್ನು ಫಿರಂಗಿ ಎಳೆಯಲು ಬಳಸಿದನು. ಟಿಪ್ಪುಸುಲ್ತಾನನು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. 1799ರ ನಂತರ ಅದು ಬ್ರಿಟಿಷರ ಕೈಸೇರಿತು. 1860ರಲ್ಲಿ ಖರ್ಚು ಉಳಿಸಲೆಂದು ಮಂದೆಗಳನ್ನೇ ಮಾರಿಬಿಟ್ಟರು. ಸೈನ್ಯಕ್ಕೆ ಒಳ್ಳೆಯ ಎತ್ತುಗಳು ದೊರೆಯದೆ ತೊಂದರೆಯಾದಾಗ 1866ರಲ್ಲಿ ಮತ್ತೆ ಸ್ಥಾಪಿಸಬೇಕಾಯಿತು. ಕಳೆದುಕೊಂಡ ಮೇಲೆ ಬೆಲೆ ತಿಳಿಯಿತೆಂಬುದಕ್ಕೆ ಇದೊಂದು ನಿದರ್ಶನ.

ಈ ರಾಸುಗಳ ಮೇವಿಗೆಂದು ಸಂಸ್ಥಾನದ ಹಲವು ಭಾಗಗಳಲ್ಲಿ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಋತುವಿಗೆ ತಕ್ಕಂತೆ ಅವುಗಳನ್ನು ವಿಂಗಡಿಸಿದ್ದರು. ಮಂದೆ ಒಂದೆಡೆ ನಿಲ್ಲುತ್ತಿರಲಿಲ್ಲ, ಹುಲ್ಲು ಬರಿದಾಗುತ್ತಿರಲಿಲ್ಲ. ಕಾಗದದಲ್ಲಿ ಕಾವಲು ಸರ್ಕಾರದ್ದು. ಆದರೆ ಸುತ್ತಲಿನ ಹಳ್ಳಿಗಳ ದನಕುರಿಗಳು ತಲೆತಲಾಂತರದಿಂದ ಅಲ್ಲಿಯೇ ಮೇಯುತ್ತಿದ್ದವು. ಕಾಲಕ್ರಮದಲ್ಲಿ ಎಷ್ಟೋ ಕಾವಲುಗಳು ಉಳುಮೆಗೆ, ಊರುಗಳಿಗೆ, ಕಾಲುವೆಗಳಿಗೆ ಕರಗಿಹೋದವು. ಉಳಿದವುಗಳಲ್ಲಿ ದೊಡ್ಡವು ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಕುದಾಪುರ ಕಾವಲು ಮತ್ತು ಉಳ್ಳಾರ್ತಿ ಕಾವಲು.

ಆ ಸೀಮೆಯ ಮ್ಯಾಸನಾಯಕ ಬಂಧುಗಳಲ್ಲಿ ‘ದೇವರ ಎತ್ತು’ಗಳನ್ನು ಸಾಕುವ ಪದ್ಧತಿಯಿದೆ. ದೇವರಿಗೆ ಬಿಟ್ಟ ಆ ಮಂದೆಯನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಅವುಗಳನ್ನು ಕಾಯುವವನು ಕಿಲಾರಿ. ಒಡೆಯನಿಲ್ಲದ ಮಂದೆಗೆ ಒಡೆಯನಿಲ್ಲದ ಹುಲ್ಲುಗಾವಲೇ ಆಸರೆ. ಕಾವಲು ಮುಚ್ಚಿದರೆ ಅವರಿಗೆ ನಷ್ಟವಾಗುವುದು ಬರಿಯ ಮೇವಲ್ಲ, ದೇವರ ಸೇವೆಯೂ ಹೌದು.

ಪುಷ್ಪಕ ಇಳಿದ ನೆಲ

2007ರ ನಂತರದ ಕೆಲವು ವರ್ಷಗಳಲ್ಲಿ ಈ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ಸರ್ಕಾರವು ವಿಜ್ಞಾನದ ಸಂಸ್ಥೆಗಳಿಗೆ ಹಂಚಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ ದೊರೆಯಿತು. ರಕ್ಷಣಾ ಸಂಸ್ಥೆಯು ತನ್ನ ಪಾಲಿನ ವರವು ಕಾವಲಿನಲ್ಲಿ ವೈಮಾನಿಕ ಪರೀಕ್ಷಾ ವಲಯವನ್ನು ನಿರ್ಮಿಸಿತು. 2017ರ ಮೇ 28ರಂದು ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿಯವರು ಅದನ್ನು ಉದ್ಘಾಟಿಸಿದರು.

ಅಷ್ಟು ನೆಲ ಏಕೆ ಬೇಕು ಎಂದು ಕೇಳುವುದು ಸಹಜ. ಚಾಲಕರಹಿತ ಕಾರಿನ ಪರೀಕ್ಷೆಗೆ ಸ್ಥಳ ಅಷ್ಟಾಗಿ ಬೇಡ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯವು 2015ರಲ್ಲಿ 32 ಎಕರೆಯಲ್ಲಿ ರಸ್ತೆ, ವೃತ್ತ, ಸಿಗ್ನಲ್ ದೀಪಗಳುಳ್ಳ ಒಂದು ನಕಲು ಪಟ್ಟಣವನ್ನೇ ಕಟ್ಟಿತು. ಅದೇ ದೇಶದ ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್ ಎಂಬಲ್ಲಿ ನೌಕಾಪಡೆಯು ತೊರೆದ ಮದ್ದುಗುಂಡಿನ ಉಗ್ರಾಣದ ಬಯಲನ್ನು 2014ರ ನಂತರ ಇಂಥ ಕಾರುಗಳ ಪರೀಕ್ಷೆಗೆ ಬಳಸಿದರು. ಯಾರೂ ಬಳಸದೆ ಬಿದ್ದಿದ್ದ ನೆಲ ಅದು. ಆದರೆ ವಿಮಾನದ ಮಾತು ಬೇರೆ. ಸುಮಾರು ಎರಡು ಕಿಲೋಮೀಟರಿನ ಓಡುಪಥ ಬೇಕು. ಯಂತ್ರ ತಪ್ಪಿ ಬಿದ್ದರೂ ಪ್ರಾಣಹಾನಿಯಾಗದಂತೆ ಸುತ್ತಲೂ ಬಯಲು ಬೇಕು. ಪ್ರಯಾಣಿಕರ ವಿಮಾನಗಳ ಸಂಚಾರವಿಲ್ಲದ ಆಕಾಶವೂ ಬೇಕು.

ಅಲ್ಲಿ ನಡೆದಿರುವ ಸಾಧನೆಯೂ ಅಲ್ಪವಲ್ಲ. 2022ರ ಜುಲೈ 1ರಂದು ಬಾಲವಿಲ್ಲದ, ರೆಕ್ಕೆಯ ಆಕಾರದ ವಿಮಾನವೊಂದು ಚಾಲಕನಿಲ್ಲದೆ ಮೇಲೇರಿ, ಹಾರಿ, ತಾನೇ ಇಳಿಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವೊಂದನ್ನು ಹೊತ್ತು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೈಬಿಟ್ಟಿತು. ಆ ವಾಹನವು ತನ್ನ ರೇಡಾರ್ ಹಾಗೂ ನಮ್ಮದೇ ಉಪಗ್ರಹಗಳ ಸಂಕೇತದ ನೆರವಿನಿಂದ ದಾರಿಯನ್ನು ತಾನೇ ಲೆಕ್ಕ ಹಾಕಿ ಓಡುಪಥದ ಮೇಲೆ ಬಂದು ನಿಂತಿತು. ‘ಪುಷ್ಪಕ್’ ಎಂದು ಹೆಸರು ಪಡೆದ ಈ ವಾಹನ 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇನ್ನೂ ಕಠಿಣವಾದ ಪರೀಕ್ಷೆಗಳನ್ನು ಗೆದ್ದಿತು. ಕೊನೆಯ ಬಾರಿ ಅದನ್ನು ಓಡುಪಥದ ನೇರಕ್ಕಲ್ಲದೆ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು. ಅದು ತಾನೇ ದಿಕ್ಕು ತಿದ್ದಿಕೊಂಡು ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ, ಬಾಲದ ಕೊಡೆ ಬಿಚ್ಚಿ, ವೇಗವನ್ನು ತಗ್ಗಿಸಿಕೊಂಡಿತು. ಪುರಾಣದಲ್ಲಿ ಕೇಳಿದ ಹೆಸರನ್ನು ನಮ್ಮ ನಾಡಿನ ಬಯಲಿನಲ್ಲಿ ಕಣ್ಣಾರೆ ಕಂಡಂತಾಯಿತೆಂದು ಹೆಮ್ಮೆ ಪಡದವರು ಯಾರು?

ಗೋಡೆಯ ಈಚೆ

ಪರೀಕ್ಷಾ ವಲಯದ ಒಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಇರಬಾರದು ಕೂಡ. ನಾವು ಕಂಡದ್ದು ಗೋಡೆಯ ಈಚೆಯ ಜಗತ್ತನ್ನು. ಒಂದು ಕಡೆ ಎತ್ತರದ ಗೋಡೆ ಕಣ್ಣು ಹಾಯುವವರೆಗೆ ಸಾಗಿದೆ. ಅದರ ಪಕ್ಕದ ಕಿರಿದಾದ ಪಟ್ಟಿಯಲ್ಲಿ ಕುರಿಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಕಂಬಳಿ ಹೊದ್ದ ಹಿರಿಯರೊಬ್ಬರು ಕೋಲೂರಿ ನಿಂತಿದ್ದರು.

“ಈಗ ಕುರಿಗಳಿಗೆ ಮೇವು ಎಲ್ಲಿ, ಯಜಮಾನರೇ?” ಎಂದು ನಾವು ವಿಚಾರಿಸಿದೆವು.

“ಎಲ್ಲೈತೆ ಸ್ವಾಮಿ, ಗೋಡೆ ಉದ್ದಕ್ಕೂ ಹೊಡ್ಕಂಡು ಹೋಗಾದು. ಮಳೆ ಆದ್ರೆ ಬೀಳು ಹೊಲ, ಇಲ್ದಿದ್ರೆ ಕೊಂಡು ಹಾಕಾದು” ಎಂದರು. ಸ್ವಲ್ಪ ತಡೆದು, “ಇಮಾನ ಹಾರ್ಲಿ, ಬ್ಯಾಡ ಅನ್ನಲ್ಲ. ದೇಶದ್ದು. ನಮ್ಮನ್ನೂ ಒಂದು ಮಾತು ಕೇಳಿದ್ರೆ ಆಗ್ತಿತ್ತು” ಎಂದು ಸೇರಿಸಿದರು.

ಅವರ ಮಾತಿನಲ್ಲಿ ಕೋಪವಿರಲಿಲ್ಲ. ಆದರೆ ಇಡೀ ವಿವಾದದ ತಿರುಳು ಆ ಒಂದು ಮಾತಿನಲ್ಲಿತ್ತು. ಕಾವಲಿನ ಹಂಚಿಕೆಯನ್ನು ಪ್ರಶ್ನಿಸಿ ಗ್ರಾಮಸ್ಥರು ಹೋರಾಟ ನಡೆಸಿದರು. ವಿಷಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠವನ್ನು ಮುಟ್ಟಿತು. 2014ರ ಆಗಸ್ಟ್ ತಿಂಗಳಲ್ಲಿ ತೀರ್ಪು ಹೊರಬಿತ್ತು, ಯೋಜನೆಗಳು ಮುಂದುವರಿದವು. ಅದಕ್ಕೆ ಮೊದಲೇ, 2011ರ ಜನವರಿಯಲ್ಲಿ, ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹಳ್ಳಿಗಳ ಸಾಮೂಹಿಕ ಭೂಮಿಯನ್ನು ಗ್ರಾಮಸ್ಥರ ಸಮಾನ ಉಪಯೋಗಕ್ಕೆ ಕಾಪಾಡಬೇಕೆಂದು ರಾಜ್ಯಗಳಿಗೆ ನಿರ್ದೇಶಿಸಿತ್ತು.

ಪರೀಕ್ಷೆಯ ಭಾರ ಗೋಡೆಯೊಳಗೇ ನಿಲ್ಲುವುದಿಲ್ಲವೆಂಬುದನ್ನೂ ಆ ಸೀಮೆ ಕಂಡಿದೆ. 2019ರ ಸೆಪ್ಟೆಂಬರ್ 17ರಂದು ಚಾಲಕರಹಿತ ವಿಮಾನವೊಂದು ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದಿತು. 2023ರ ಆಗಸ್ಟ್ 20ರಂದು ‘ತಪಸ್’ ಎಂಬ ಇನ್ನೊಂದು ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ ಹೊಲದಲ್ಲಿ ಉರುಳಿತು. ಶಿವನ ದಯೆಯಿಂದ ಎರಡು ಸಲವೂ ಪ್ರಾಣಹಾನಿಯಾಗಲಿಲ್ಲ. ಪರೀಕ್ಷೆಯೆಂದರೆ ಬೀಳುವುದೂ ಅದರ ಭಾಗವೇ; ವಿಜ್ಞಾನಿಗಳನ್ನು ಇದಕ್ಕಾಗಿ ಹಳಿಯುವುದು ಸಲ್ಲದು. ಆದರೆ ಯಾರ ಹೊಲದಲ್ಲಿ ಬೀಳಬಹುದೋ ಅವರೂ ಆ ಪರೀಕ್ಷೆಯ ಪಾಲುದಾರರೆಂಬುದನ್ನು ಮರೆಯಬಾರದು.

ನಾಯಕನಹಟ್ಟಿಯಲ್ಲಿ

ಕುದಾಪುರವು ನಾಯಕನಹಟ್ಟಿಯ ಹೋಬಳಿಗೆ ಸೇರಿದೆ. ಆ ದಾರಿಯಲ್ಲಿ ಹೋದವರು ಗುರು ತಿಪ್ಪೇರುದ್ರಸ್ವಾಮಿಗಳ ಸನ್ನಿಧಿಯನ್ನು ದರ್ಶಿಸದೆ ಮರಳಲಾಗದು. ಪಂಚಗಣಾಧೀಶ್ವರರಲ್ಲಿ ಒಬ್ಬರಾದ ಈ ಮಹಾಮಹಿಮರ ಒಳಮಠ, ಹೊರಮಠಗಳು ಇಂದಿಗೂ ಭಕ್ತರಿಂದ ತುಂಬಿರುತ್ತವೆ. ಫಾಲ್ಗುಣ ಮಾಸದ ರಥೋತ್ಸವಕ್ಕೆ ಲಕ್ಷಾಂತರ ಮಂದಿ ಸೇರುತ್ತಾರೆ. ಬರಗಾಲದ ಆ ನಾಡಿನಲ್ಲಿ ಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರು. ದುಡಿದವರಿಗೆ ಅವರವರು ದುಡಿದಷ್ಟಕ್ಕೆ ತಕ್ಕ ಪ್ರತಿಫಲ ಸಲ್ಲಬೇಕೆಂಬುದು ಅವರು ಸಾರಿದ ತತ್ತ್ವ. ಆ ಕೆರೆಗಳ ನೀರಿಗೆ ಜಾತಿಯ ತಡೆಯಿರಲಿಲ್ಲ, ಗೋಡೆಯೂ ಇರಲಿಲ್ಲ.

ಆ ಗದ್ದುಗೆಯ ಮುಂದೆ ಕುಳಿತಾಗ ನಮಗೆ ಹೊಳೆದದ್ದು ಇಷ್ಟು. ಬಸವಾದಿ ಶರಣರು ಬೋಧಿಸಿದ ದಾಸೋಹವೆಂದರೆ ತಾನು ಕಾಯಕದಿಂದ ಗಳಿಸಿದ್ದನ್ನು ವಿನಯದಿಂದ ಸಮಾಜಕ್ಕೆ ಅರ್ಪಿಸುವುದು. ಅಲ್ಲಿ ಕೊಡುವವನ ಮನಸ್ಸು ಒಪ್ಪಿರಬೇಕು, ಕೊಡುವ ವಸ್ತು ಅವನದಾಗಿರಬೇಕು. ಪರರ ಪಾಲನ್ನು ಎತ್ತಿ ಮತ್ತೊಬ್ಬರಿಗೆ ಕೊಟ್ಟರೆ ಅದು ಎಷ್ಟೇ ಘನವಾದ ಕಾರ್ಯಕ್ಕಾದರೂ ದಾಸೋಹವೆನಿಸದು. ದೇಶದ ರಕ್ಷಣೆ, ವಿಜ್ಞಾನದ ಬೆಳವಣಿಗೆ ಇವು ಘನವಾದ ಕಾರ್ಯಗಳೇ ಸರಿ. ಅವುಗಳಿಗೆ ನೆಲ ಬೇಕೆಂದು ಕೇಳಿದ್ದರೆ ಕಂಬಳಿಯ ಆ ಹಿರಿಯರು ಇಲ್ಲವೆನ್ನುತ್ತಿದ್ದರೇ? ಕೇಳದೆ ಪಡೆದದ್ದರಿಂದ ಅವರ ತ್ಯಾಗಕ್ಕೆ ತ್ಯಾಗವೆಂಬ ಹೆಸರೂ ದಕ್ಕಲಿಲ್ಲ.

ವಿಜ್ಞಾನಕ್ಕೆ ನೆಲವನ್ನು ಕೊಡುವುದು ಮೈಸೂರಿಗೆ ಹೊಸದಲ್ಲ. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಬೆಂಗಳೂರಿನಲ್ಲಿ 371 ಎಕರೆಯನ್ನು ಕೊಟ್ಟದ್ದರಿಂದಲೇ ಭಾರತೀಯ ವಿಜ್ಞಾನ ಸಂಸ್ಥೆ ತಲೆಯೆತ್ತಿತು. ಅದೇ ಸಂಸ್ಥೆಯ ಕುದಾಪುರದ ಆವರಣದಲ್ಲಿ ಇಂದು ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಪಡೆದ ನೆಲದಿಂದ ಜನರಿಗೆ ಹಿಂತಿರುಗಿ ಬರುವ ಇಂಥ ಫಲವನ್ನು ಮನಸಾರೆ ಮೆಚ್ಚಬೇಕು. ಇದನ್ನು ಇನ್ನೂ ಹಿಗ್ಗಿಸಲು ದಾರಿಗಳಿವೆ. ಓಡುಪಥದ ಸುತ್ತ ಹುಲ್ಲನ್ನು ಹೇಗೂ ಕೊಯ್ಯಲೇಬೇಕು; ಅದನ್ನು ಸುತ್ತಲ ಹಳ್ಳಿಗಳ ದನಕುರಿಗಳಿಗೆ ಹಂಚಬಹುದು. ಬಳಕೆಗೆ ಬಾರದೆ ಉಳಿದ ಭಾಗಗಳಲ್ಲಿ ಹಿಂದಿನ ಕಾವಲಿನಂತೆ ಋತುವಿಗನುಸಾರವಾಗಿ ಮೇಯಿಸಲು ಬಿಡಬಹುದು. ಪರೀಕ್ಷೆಯ ದಿನಗಳನ್ನು ಗ್ರಾಮಗಳಿಗೆ ಮುಂಚಿತವಾಗಿ ತಿಳಿಸಿ, ಬೆಳೆಗೆ ಹಾನಿಯಾದರೆ ತಡವಿಲ್ಲದೆ ಪರಿಹಾರ ಕೊಡಬಹುದು. ಇವುಗಳಿಂದ ಯಾವ ವಿಮಾನದ ಹಾರಾಟವೂ ನಿಲ್ಲದು.

ನಾಳೆ ನಮ್ಮ ಬೀದಿಗೆ

ಚಳ್ಳಕೆರೆ ದೂರವೆಂದು ಅಗ್ರಹಾರದವರು ನಿಶ್ಚಿಂತರಾಗಿರುವಂತಿಲ್ಲ. ಊರ ಮುಂದಿನ ಕಾವಲಿನಂತೆಯೇ ಮನೆಯ ಮುಂದಿನ ರಸ್ತೆಯೂ ಸರ್ವರ ಸ್ವತ್ತು. 2018ರ ಮಾರ್ಚ್ 18ರಂದು ಅಮೆರಿಕದ ಅರಿಜೋನಾ ಪ್ರಾಂತದ ಟೆಂಪಿ ನಗರದಲ್ಲಿ ಸಾರ್ವಜನಿಕ ರಸ್ತೆಯ ಮೇಲೆ ಪರೀಕ್ಷೆಯಲ್ಲಿದ್ದ ಸ್ವಯಂಚಾಲಿತ ಕಾರು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಬಡಿಯಿತು, ಅವರು ಅಸುನೀಗಿದರು. ತಾನೊಂದು ಪರೀಕ್ಷೆಯ ಅಂಗಳದಲ್ಲಿ ನಡೆಯುತ್ತಿರುವೆನೆಂಬುದು ಆ ತಾಯಿಗೆ ತಿಳಿದಿತ್ತೆಂದು ಹೇಳಲಾದೀತೇ? ನಮ್ಮ ದೇಶದಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿಯೂ 2023ರಲ್ಲಿಯೂ ಚಾಲಕರ ಜೀವನೋಪಾಯದ ಕಾರಣವನ್ನು ಮುಂದಿಟ್ಟು ಇಂಥ ಕಾರುಗಳಿಗೆ ವಿರೋಧ ವ್ಯಕ್ತಪಡಿಸಿದರು. ಆದರೆ ಕಾಲ ಒಂದೇ ಕಡೆ ನಿಲ್ಲುವುದಿಲ್ಲ.

ಅಗ್ರಹಾರದ ಬೀದಿಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳೋಣ. ತರಕಾರಿಯ ತಳ್ಳುಗಾಡಿ, ಶಾಲೆಗೆ ಹೊರಟ ಮಕ್ಕಳು, ರೋಗಿಯನ್ನು ಹೊತ್ತು ಧಾವಿಸುವ ಆಂಬುಲೆನ್ಸ್, ಉತ್ಸವದ ಮೆರವಣಿಗೆ, ನಡುರಸ್ತೆಯಲ್ಲಿ ಮೆಲುಕು ಹಾಕುವ ಹಸು - ಎಲ್ಲರೂ ಆ ಕಿರಿದಾದ ಜಾಗವನ್ನು ಕಣ್ಸನ್ನೆಯಲ್ಲಿಯೇ ಹಂಚಿಕೊಂಡು ಬಾಳುತ್ತಿದ್ದಾರೆ. ಈ ಒಪ್ಪಂದವನ್ನು ಯಾವ ಕಾಗದದಲ್ಲಿಯೂ ಬರೆದಿಲ್ಲ. ನಾಳೆ ಆ ಬೀದಿಗೆ ಚಾಲಕನಿಲ್ಲದ ವಾಹನವೊಂದು ಪರೀಕ್ಷೆಗೆ ಬಂದರೆ ಅದು ಬರಲಿ. ಆದರೆ ಬಡಾವಣೆಯ ಜನರನ್ನು ಸೇರಿಸಿ, ವಿಷಯವನ್ನು ತಿಳಿಸಿ, ಒಪ್ಪಿಗೆ ಪಡೆದು ಬರಲಿ. ಅಪಘಾತವಾದರೆ ಹೊಣೆ ಯಾರದೆಂಬುದು ಮೊದಲೇ ನಿಶ್ಚಯವಾಗಿರಲಿ. ಅದರಿಂದ ದುಡಿಮೆ ಕಳೆದುಕೊಳ್ಳುವ ಆಟೋ ಚಾಲಕನ ಮಾತಿಗೂ ಆ ಸಭೆಯಲ್ಲಿ ಸ್ಥಾನವಿರಲಿ. ಅನುಭವ ಮಂಟಪದ ಪರಂಪರೆಗೆ ಸೇರಿದ ನಮಗೆ ಸರ್ವರನ್ನೂ ಕೂಡಿಸಿ ವಿಚಾರ ಮಾಡುವುದು ಹೊಸ ಪಾಠವೇನಲ್ಲ.

ಈ ಯಾತ್ರೆಯನ್ನು ಕೈಗೊಳ್ಳಬಯಸುವವರು ನಾಯಕನಹಟ್ಟಿಯ ರಥೋತ್ಸವದ ಸಂದರ್ಭದಲ್ಲಿ ಕುಟುಂಬ ಸಮೇತರಾಗಿ ಹೊರಡಬಹುದು. ಹೋಗುವಾಗ ವಾಣಿ ವಿಲಾಸ ಸಾಗರವನ್ನು ನೋಡಬಹುದು. ಚಳ್ಳಕೆರೆಯಲ್ಲಿ ಒಂದು ಕಂಬಳಿಯನ್ನು ಕೊಂಡರೆ ನೇಕಾರರಿಗೂ ಕುರಿಗಾರರಿಗೂ ನೆರವಾದೀತು. ಮಕ್ಕಳಿಗೆ ಪುಷ್ಪಕ್ ಇಳಿದ ಆಕಾಶವನ್ನು ತೋರಿಸಿ, ವಿಜ್ಞಾನಿಗಳ ಸಾಧನೆಯನ್ನು ಹೇಳಿರಿ. ಹಾಗೆಯೇ ಗೋಡೆಯ ಪಕ್ಕದಲ್ಲಿ ಕುರಿ ಕಾಯುವ ಹಿರಿಯರು ಕಂಡರೆ ಕಾರು ನಿಲ್ಲಿಸಿ, ಶರಣೆಂದು ಹೇಳಿ, ಅವರ ಮಾತನ್ನೂ ಮಕ್ಕಳಿಗೆ ಕೇಳಿಸಿರಿ.